ಹುಷಾರಿಲ್ಲ, ಹೆಚ್ಚು ಸಮಯ ಬೇಕು: ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆಯುವುದು ಹೇಗೆ?

ಇಂಥ ಅರ್ಜಿಗಳನ್ನು ವರ್ಷಗಟ್ಟಲೆ ಓದಿದ್ದೇನೆ. ಹೆಚ್ಚಿನವು ಒಂದೇ ತರ. ಎರಡು ಪುಟ ಕಷ್ಟ, ಕೊನೆಯಲ್ಲಿ 'ದಯವಿಟ್ಟು ಸಹಾಯ ಮಾಡಿ'. ಏನು ಸಹಾಯ? ಅದೇ ಇರುವುದಿಲ್ಲ. ಓದಿದವರಿಗೆ ಅಯ್ಯೋ ಅನ್ನಿಸುತ್ತದೆ, ಆದರೆ ಯಾವುದಕ್ಕೆ ಸಹಿ ಹಾಕಬೇಕು ಅಂತ ತಿಳಿಯುವುದಿಲ್ಲ.

ಮೊದಲು, ನಿಮ್ಮ ದಾರಿ ಯಾವುದು ನೋಡಿ. ಒಂದು ವಾರದ ಜ್ವರ, ಮನೆಯಲ್ಲಿ ಸಾವು, ಅಪಘಾತ ಇವೆಲ್ಲ ತಾತ್ಕಾಲಿಕ. ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆಯ ದಾರಿಯೇ ಬೇರೆ. ಅದಕ್ಕೆ ಕಾನೂನಿನ ಬಲವೂ ಇದೆ: ಅಮೆರಿಕದಲ್ಲಿ 1990ರ, ಬ್ರಿಟನ್ನಿನಲ್ಲಿ 2010ರ, ಭಾರತದಲ್ಲಿ 2016ರ ಕಾಯ್ದೆ. ಈ ಎರಡನೇ ಗುಂಪಿನವರು ವರ್ಷದ ಶುರುವಿನಲ್ಲೇ, ಇಂಥ ನೆರವು ನೋಡಿಕೊಳ್ಳುವ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪರೀಕ್ಷೆಯ ಹಿಂದಿನ ವಾರ ಹೋದರೆ ಲಿಪಿಕಾರರನ್ನು, ಅಂದರೆ ನೀವು ಹೇಳಿದ ಉತ್ತರ ಬರೆದುಕೊಡುವವರನ್ನು, ಹುಡುಕಲು ಕಚೇರಿಯವರಿಗೂ ಸಮಯ ಇರುವುದಿಲ್ಲ.

ನಿಯಮ ಓದಿ. ವಿದ್ಯಾರ್ಥಿ ಕೈಪಿಡಿಯಲ್ಲಿ ಇರುತ್ತದೆ. ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು, ಇಷ್ಟು ನೋಡಿಕೊಂಡರೆ ಸಾಕು. ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ.

ವೈದ್ಯರ ಪತ್ರ. ಜಾಸ್ತಿ ಜನ ಎಡವುವುದು ಇಲ್ಲೇ. ಕಾಯಿಲೆ ಇರುವಾಗಲೇ ವೈದ್ಯರನ್ನು ನೋಡಿ. ವಾಸಿಯಾಗಿ ಹತ್ತು ದಿನ ಕಳೆದ ಮೇಲೆ ಹೋದರೆ ಅವರು ಏನು ಬರೆಯಬಲ್ಲರು? 'ಜ್ವರ ಇತ್ತೆಂದು ಇವರು ಹೇಳುತ್ತಾರೆ' ಅಂತ ಅಷ್ಟೇ. ಅದು ನೀವು ಹೇಳಿದ್ದೇ ಆಯಿತಲ್ವಾ?

ಪತ್ರದಲ್ಲಿ ಮೂರು ವಿಷಯ ಇರಲೇಬೇಕು. ಪರೀಕ್ಷಿಸಿದ ದಿನ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ತೊಂದರೆ. ಆ ದಿನಗಳಲ್ಲಿ ನಿಮಗೆ ಏನು ಮಾಡಲು ಆಗುತ್ತಿರಲಿಲ್ಲ. ಮೂರನೆಯದನ್ನು ವೈದ್ಯರು ತಾವಾಗಿ ಬರೆಯುವುದು ಅಪರೂಪ, ನೀವೇ ಕೇಳಬೇಕು. ಬರೀ 'ಮೈಗ್ರೇನ್' ಅಂತಿದ್ದರೆ ಓದಿದವರಿಗೆ ತಲೆನೋವು ಅಂತ ಮಾತ್ರ ಗೊತ್ತಾಗುತ್ತದೆ. 'ಅರ್ಧ ಗಂಟೆಗಿಂತ ಹೆಚ್ಚು ಪರದೆ ನೋಡಲಾಗದು' ಅಂತಿದ್ದರೆ ಏನು ಕೊಡಬೇಕು ಅಂತಲೂ ತಿಳಿಯುತ್ತದೆ. ಕಾಯಿಲೆಯ ಹೆಸರು ಹೇಳಲು ಇಷ್ಟವಿಲ್ಲವೇ? ನಿಮ್ಮ ಕಡೆಯ ನಿಯಮ ಒಪ್ಪುವುದಾದರೆ, ಹೆಸರು ಬಿಟ್ಟು ಈ ಮೂರನ್ನು ಮಾತ್ರ ಬರೆಸಿ.

ಆನ್‌ಲೈನ್‌ನಲ್ಲಿ ಐದು ನಿಮಿಷಕ್ಕೆ ಸರ್ಟಿಫಿಕೇಟ್ ಮಾರುವವರಿದ್ದಾರೆ. ಅವರ ಹತ್ತಿರ ಸುಳಿಯಬೇಡಿ. ಒಂದೇ ಅಚ್ಚಿನ ನಾಲ್ಕು ಪತ್ರ ನೋಡಿದ ಗುಮಾಸ್ತರಿಗೆ ಐದನೆಯದು ದೂರದಿಂದಲೇ ಗೊತ್ತಾಗುತ್ತದೆ. ನಿಜವಾಗಿ ಹುಷಾರಿಲ್ಲದವರೂ ಹೀಗೆ ಸಿಕ್ಕಿಬಿದ್ದಿದ್ದನ್ನು ನೋಡಿದ್ದೇನೆ.

ಏನು ಬೇಕು ನಿರ್ಧರಿಸಿ. ಬರೆಯುವ ಕೈ ಮುರಿದಿದ್ದರೆ ಒಂದು ವಾರದ ಹೆಚ್ಚುವರಿ ಸಮಯದಿಂದ ಏನೂ ಆಗುವುದಿಲ್ಲ, ಲಿಪಿಕಾರರನ್ನೋ ಕಂಪ್ಯೂಟರನ್ನೋ ಕೇಳಿ. ತಂದೆ ತೀರಿಕೊಂಡಿದ್ದರೆ ಹಾಜರಾತಿ ವಿನಾಯಿತಿಯ ಜೊತೆ ಪರೀಕ್ಷೆ ಮುಂದೂಡುವುದನ್ನೂ ಕೇಳಬಹುದು. ಸೆಮಿಸ್ಟರ್ ಅರ್ಧ ಹೋಗಿದ್ದರೆ ರಜೆ ಹಾಕಿ ಮತ್ತೆ ಬರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಸಂಕೋಚಪಟ್ಟು ಎರಡು ದಿನ ಕೇಳಬೇಡಿ. ಒಂಬತ್ತು ದಿನ ಮಲಗಿದ್ದವರಿಗೆ ಎರಡು ದಿನ ಸಾಲುವುದಿಲ್ಲ. ಮತ್ತೆ ಕೇಳಲು ಹೋದಾಗ ಕೊಡುವವರ ತಾಳ್ಮೆಯೂ ಮುಗಿದಿರುತ್ತದೆ.

ಈಗ ಅರ್ಜಿ. ವಿಷಯದ ಸಾಲಿನಲ್ಲೇ ಕೋರಿಕೆ ಇರಲಿ. 'ತುರ್ತು' ಅಂತ ಸುಮ್ನೆ ಹಾಕಬೇಡಿ. ಒಳಗೆ ಇಷ್ಟು ಸಾಕು:

'ಮಾನ್ಯರೇ, ನಾನು ಎರಡನೇ ವರ್ಷದ ವಿದ್ಯಾರ್ಥಿನಿ, ನೋಂದಣಿ ಸಂಖ್ಯೆ ಇಂಥದ್ದು. ನ್ಯುಮೋನಿಯಾ ಆಗಿ 3ರಿಂದ 11ನೇ ತಾರೀಕಿನವರೆಗೆ ಆಸ್ಪತ್ರೆಯಲ್ಲಿದ್ದೆ. ಆ ದಿನಗಳಲ್ಲಿ ಓದಲು, ಬರೆಯಲು ಆಗಲಿಲ್ಲ. 14ರಂದು ಕೊಡಬೇಕಾದ ಪ್ರಬಂಧವನ್ನು 23ರಂದು ಕೊಡಲು ಅವಕಾಶ ಕೋರುತ್ತೇನೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ.'

ಮುಗೀತು. ಅಜ್ಜಿಯ ಕಾಯಿಲೆ, ಬೇರೆ ವಿಷಯದ ಅಂಕ, 'ನಾನು ಯಾವಾಗಲೂ ಶ್ರದ್ಧೆಯಿಂದ ಓದುವವಳು', ಇವೆಲ್ಲ ಬೇಡ. ಅಂತರ್ಜಾಲದ ಸಿದ್ಧ ಮಾದರಿಗಳಲ್ಲಿ ಕ್ಷಮೆಯೇ ಮೂರು ಸಲ ಬರುತ್ತದೆ. ತಪ್ಪು ಮಾಡದೆ ಯಾಕೆ ಕ್ಷಮೆ?

ಕಳಿಸಿ. ಗಡುವಿಗೆ ಮುಂಚೆ. ವೈದ್ಯರ ಪತ್ರ ಇನ್ನೂ ಕೈಸೇರಿಲ್ಲವೇ? 'ಪತ್ರ ಶುಕ್ರವಾರ ಕಳಿಸುತ್ತೇನೆ' ಅಂತ ಬರೆದು ಅರ್ಜಿಯನ್ನು ಇವತ್ತೇ ಕಳಿಸಿ. ಮಬ್ಬು ಬೆಳಕಿನಲ್ಲಿ ತೆಗೆದ ಓರೆ ಫೋಟೋ ಲಗತ್ತಿಸಬೇಡಿ, ತಾರೀಕೇ ಕಾಣುವುದಿಲ್ಲ.

ಇನ್ನೊಂದು ಮಾತು, ಪರೀಕ್ಷೆ ಇದ್ದವರಿಗೆ. 'ನೋಡೋಣ' ಅಂತ ಜ್ವರದಲ್ಲೇ ಹಾಲ್‌ಗೆ ಹೋಗಿ, ಫಲಿತಾಂಶ ಕೆಟ್ಟ ಮೇಲೆ ಅರ್ಜಿ ಹಾಕುವವರಿದ್ದಾರೆ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಗೆ ಕೂತರೆ 'ನಾನು ಹುಷಾರಾಗಿದ್ದೇನೆ' ಎಂದು ಒಪ್ಪಿಕೊಂಡಂತೆ. ಆ ನಿಯಮ ಇಲ್ಲದ ಕಡೆಯೂ ಹಿಂದಿನ ತಾರೀಕಿಗೆ ವಿನಾಯಿತಿ ಸಿಗುವುದು ಕಷ್ಟ. ಹೋಗುವುದೋ ಬಿಡುವುದೋ, ಹಾಲ್ ಬಾಗಿಲಿಗೆ ಬರುವ ಮೊದಲೇ ತೀರ್ಮಾನಿಸಿ.

ಉತ್ತರ. ಮೂರು ಕೆಲಸದ ದಿನ ಕಾದು ಒಮ್ಮೆ ನೆನಪಿಸಿ. ಅವರು 'ಇಲ್ಲ' ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲ್ಮನವಿಗೂ ಗಡುವು ಇರುತ್ತದೆ, ಅದು ಹೆಚ್ಚಾಗಿ ಚಿಕ್ಕದು. ಹೂಂ ಅಂದರೆ, ಕಾರಿಡಾರಿನಲ್ಲಿ ಸಿಕ್ಕ ಬಾಯಿಮಾತಿನ ಒಪ್ಪಿಗೆಯನ್ನು ಅವತ್ತೇ ಮೇಲ್‌ನಲ್ಲಿ ಖಚಿತ ಮಾಡಿಕೊಳ್ಳಿ. ಹೆಚ್ಚುವರಿ ಸಮಯ ಸಿಕ್ಕಿದ್ದರೆ ಆದೇಶದ ಪ್ರತಿ ಹಾಲ್‌ಗೆ ತಗೊಂಡು ಹೋಗಿ. ಕೊಠಡಿ ಮೇಲ್ವಿಚಾರಕರಿಗೆ ವಿಷಯ ಯಾರೂ ತಿಳಿಸಿರುವುದಿಲ್ಲ, ಗಂಟೆ ಹೊಡೆದ ಕೂಡಲೇ ಉತ್ತರಪತ್ರಿಕೆಗೆ ಕೈ ಹಾಕುತ್ತಾರೆ.