‘ಹಿಸ್ಪಾನಿಕ್’ ಕಾಲಮ್ಮನ್ನು ನಂಬುವ ಮುನ್ನ

ಅಮೆರಿಕದ ಯಾವುದೇ ಗ್ರಾಹಕ ಸಮೀಕ್ಷೆಯ ಟೇಬಲ್ ತೆರೆಯಿರಿ, ಪಕ್ಕಪಕ್ಕದಲ್ಲೇ ಎರಡು ಕಾಲಮ್ ಸಿಗುವುದು ಸಾಮಾನ್ಯ: ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ವಯಸ್ಕರು, ಉಳಿದವರು. ಬೆಂಗಳೂರಿನಲ್ಲಿ ಕೂತು ಇಂಥ ಟೇಬಲ್‌ಗಳಿಂದ ಸ್ಲೈಡ್ ಮಾಡುವವರು ಕಡಿಮೆಯೇನಿಲ್ಲ. ಒಂದರಲ್ಲಿ ಶೇ. 47, ಇನ್ನೊಂದರಲ್ಲಿ ಶೇ. 40 ಕಂಡೊಡನೆ ‘ಹಿಸ್ಪಾನಿಕರು ಇದನ್ನು ಹೆಚ್ಚು ಕೊಳ್ಳುತ್ತಾರೆ’ ಎಂದು ಬರೆಯಲು ಕೈ ತುರಿಸುತ್ತದೆ. ಆ ಸಾಲು ಬರೆಯುವ ಮೊದಲು ಇಷ್ಟು ಕೆಲಸ ಮಾಡಿ.

ಮೊದಲು, ಯಾರನ್ನು ಎಣಿಸಿದ್ದಾರೆ ನೋಡಿ. 2020ರ ಜನಗಣತಿಯ ಪ್ರಕಾರ ಹಿಸ್ಪಾನಿಕರು 6.21 ಕೋಟಿ, ಅಂದರೆ ಜನಸಂಖ್ಯೆಯ ಶೇ. 18.7. ಗಣತಿಯ ವ್ಯಾಖ್ಯೆಯಲ್ಲಿ ಸ್ಪೇನ್ ಮೂಲದವರು ಸೇರುತ್ತಾರೆ, ಪೋರ್ಚುಗೀಸ್ ಮಾತಾಡುವ ಬ್ರೆಜಿಲ್‌ನವರು ಸೇರುವುದಿಲ್ಲ. ಆ ಗಣತಿಯಲ್ಲಿ ಮೂಲದ ಪ್ರಶ್ನೆಯೇ ಬೇರೆ, ಜನಾಂಗದ ಪ್ರಶ್ನೆಯೇ ಬೇರೆ. ಹಾಗಾಗಿ ಒಬ್ಬರೇ ಹಿಸ್ಪಾನಿಕರೂ ಬಿಳಿಯರೂ ಆಗಿರಬಹುದು. ಟೇಬಲ್‌ನಲ್ಲಿ ಬರೀ ‘ಬಿಳಿಯರು’ ಎಂದಿದ್ದರೆ ‘ಹಿಸ್ಪಾನಿಕ್ ಅಲ್ಲದ ಬಿಳಿಯರು’ ಎಂದರ್ಥವೇ ಎಂದು ಅಡಿಟಿಪ್ಪಣಿಯಲ್ಲಿ ಹುಡುಕಿ. ಅಲ್ಲವಾದರೆ ಒಂದೇ ತಲೆಯನ್ನು ಎರಡು ಕಡೆ ಎಣಿಸಿರುತ್ತಾರೆ. 2024ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕಾರ ಎರಡೂ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಾಗಿಸುವ ಹೊಸ ಮಾನದಂಡ ಹೊರಡಿಸಿತು. ಹಳೆಯ ಪ್ರಶ್ನೆಯ ವರ್ಷಗಳನ್ನೂ ಹೊಸ ಪ್ರಶ್ನೆಯ ವರ್ಷಗಳನ್ನೂ ಒಂದೇ ಗ್ರಾಫ್‌ಗೆ ಹಾಕಿದರೆ, ನಡುವೆ ಕಾಣುವ ಜಿಗಿತ ಮಾರುಕಟ್ಟೆಯದ್ದಾಗಿರದೆ ಪ್ರಶ್ನೆಯದ್ದೇ ಆಗಿರಬಹುದು.

ಆಮೇಲೆ ಸ್ಯಾಂಪಲ್. 1,000 ವಯಸ್ಕರ ಸಮೀಕ್ಷೆಯಲ್ಲಿ ಹಿಸ್ಪಾನಿಕರು ಸುಮಾರು 170 ಜನ. ವರದಿಯ ಮೇಲೆ ‘ದೋಷದ ಅಂಚು 3 ಅಂಕ’ (ಅಂಕಿ ಅಷ್ಟು ಹೆಚ್ಚುಕಡಿಮೆ ಇರಬಹುದು) ಎಂದಿರುವುದು ಪೂರ್ತಿ ಸಾವಿರಕ್ಕೆ. 170ಕ್ಕೆ ಆ ಅಂಚು 7.5, ಉಳಿದ 830ಕ್ಕೆ 3.4. ಎರಡರ ವ್ಯತ್ಯಾಸದ ಅಂಚು ಬೇಕಾದರೆ ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ: 8.2 ಬರುತ್ತದೆ. ಮೇಲಿನ 47–40ರ ಏಳು ಅಂಕ ಅದರೊಳಗೇ ಮುಳುಗಿತು. ತೂಕ ಹಾಕಿದ ಡೇಟಾ (ಜನಸಂಖ್ಯೆಯ ಪಾಲಿಗೆ ಹೊಂದಿಸಲು ಕೆಲವರ ಉತ್ತರವನ್ನು ಹೆಚ್ಚಾಗಿ, ಕೆಲವರದ್ದನ್ನು ಕಡಿಮೆಯಾಗಿ ಲೆಕ್ಕಕ್ಕೆ ಹಿಡಿದದ್ದು) ಆದರೆ ಅಂಚು ಇನ್ನೂ ಹಿಗ್ಗುತ್ತದೆ. ಸಮೀಕ್ಷೆ ನಿಮ್ಮದೇ ಆಗಿದ್ದರೆ ಹಿಸ್ಪಾನಿಕ್ ಸ್ಯಾಂಪಲ್ಲನ್ನು 500ಕ್ಕೆ ಏರಿಸಿ. ವ್ಯತ್ಯಾಸದ ಅಂಚು 5.5ರ ಹತ್ತಿರಕ್ಕೆ ಇಳಿಯುತ್ತದೆ. ಒಟ್ಟು ದೇಶದ ಅಂಕಿ ಕೊಡುವಾಗ ಮಾತ್ರ ಆ 500 ಜನರ ತೂಕವನ್ನು ಜನಸಂಖ್ಯೆಯ ಪಾಲಿಗೆ ಇಳಿಸಲು ಮರೆಯಬೇಡಿ. ಅವಸರದಲ್ಲಿ ಬಿಟ್ಟುಹೋಗುವುದು ಇದೇ ಹೆಜ್ಜೆ.

ಆನ್‌ಲೈನ್ ಪ್ಯಾನೆಲ್‌ನ (ಸಮೀಕ್ಷೆಗಳಿಗೆ ಉತ್ತರಿಸಲು ಹೆಸರು ಕೊಟ್ಟವರ ಗುಂಪಿನ) ಡೇಟಾ ಆಗಿದ್ದರೆ ಇನ್ನೊಂದು ತೊಡಕಿದೆ. ಯಾರು ಬೇಕಾದರೂ ಸೇರಬಹುದಾದ, ಉತ್ತರಕ್ಕೆ ಒಂದಿಷ್ಟು ಹಣ ಕೊಡುವ ಪ್ಯಾನೆಲ್‌ನಲ್ಲಿ ಅಮೆರಿಕದಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ಒಂದು ಪ್ರಶ್ನೆ ಹಾಕಿತು: ಅಣುಶಕ್ತಿಯ ಜಲಾಂತರ್ಗಾಮಿ ನಡೆಸುವ ಲೈಸೆನ್ಸ್ ನಿಮಗಿದೆಯೇ? ಹಿಸ್ಪಾನಿಕ್ ಎಂದು ಹೇಳಿಕೊಂಡವರಲ್ಲಿ ಶೇ. 24 ಮಂದಿ ‘ಇದೆ’ ಎಂದರು! ನಿಜಕ್ಕೂ ಅಂಥವರ ಪಾಲು ಸೊನ್ನೆಗೆ ಸಮ. ಇದರಿಂದ ಹಿಸ್ಪಾನಿಕರು ಸುಳ್ಳು ಹೇಳುತ್ತಾರೆಂದು ತಿಳಿಯಬಾರದು. ಸಿಗುವುದು ಕಷ್ಟವಾದ ಗುಂಪಿಗೆ ಸಮೀಕ್ಷೆಯಲ್ಲಿ ಬೇಡಿಕೆ ಇರುತ್ತದೆಂದು ಗೊತ್ತಿರುವ ಹುಸಿ ಉತ್ತರಗಾರರು ಆ ಬಾಕ್ಸ್ ಒತ್ತಿ, ಮುಂದೆ ಎಲ್ಲದಕ್ಕೂ ‘ಹೌದು’ ಎನ್ನುತ್ತಾ ಹೋಗುತ್ತಾರೆ. ನಿಮ್ಮ ಪ್ರಶ್ನಾವಳಿಯಲ್ಲೂ ಅಸಾಧ್ಯವಾದ ಒಂದೆರಡು ಪ್ರಶ್ನೆ ಸೇರಿಸಿ, ‘ಹೌದು’ ಎಂದವರನ್ನು ತೆಗೆದುಹಾಕಿ. ಹಿಸ್ಪಾನಿಕ್ ಕಾಲಮ್ಮಿನಲ್ಲಿ ಮಾತ್ರ ಎಲ್ಲ ಬ್ರ್ಯಾಂಡೂ, ಎಲ್ಲ ಆ್ಯಪ್ಪೂ ಹೆಚ್ಚು ಬಳಕೆಯಲ್ಲಿ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಭಾಷೆಯ ವಿಷಯ. ಇಂಗ್ಲಿಷ್‌ನಲ್ಲಿ ಮಾತ್ರ ಕೇಳಿದರೆ ಹೊಸದಾಗಿ ವಲಸೆ ಬಂದವರು, ವಯಸ್ಸಾದವರು ಬಿಟ್ಟುಹೋಗುತ್ತಾರೆ. ಸ್ಪ್ಯಾನಿಷ್‌ಗೆ ಅನುವಾದಿಸಿದರೂ ಎಲ್ಲರಿಗೂ ಒಂದೇ ಪದ ನಡೆಯದು. ಕಿತ್ತಳೆಗೆ ಮೆಕ್ಸಿಕೊದವರು ‘ನರಾಂಹಾ’ ಎಂದರೆ ಪೋರ್ಟೊರಿಕೊದವರು ‘ಚೀನಾ’ ಎನ್ನುತ್ತಾರೆ. ‘ತೋರ್ತಾ’ ಮೆಕ್ಸಿಕೊದವರಿಗೆ ಸ್ಯಾಂಡ್‌ವಿಚ್, ಬೇರೆ ಹಲವು ದೇಶದವರಿಗೆ ಕೇಕ್. ಮಂಗಳೂರಿನ ಬಟಾಟೆ ಬೆಂಗಳೂರಿನಲ್ಲಿ ಆಲೂಗಡ್ಡೆ ಆಗುವ ಹಾಗೆ. ಆದರೆ ಬೇಕರಿ ಸಮೀಕ್ಷೆಯಲ್ಲಿ ಸ್ಯಾಂಡ್‌ವಿಚ್ಚೂ ಕೇಕೂ ಅದಲುಬದಲಾದರೆ ಅಂಕಿಗಳು ಕೆಲಸಕ್ಕೆ ಬಾರವು. ಇಬ್ಬರು ಅನುವಾದಕರಿಂದ ಬೇರೆಬೇರೆಯಾಗಿ ಬರೆಸಿ, ತಾಳೆ ನೋಡಿ, ಬೇರೆಬೇರೆ ಮೂಲದ ಎಂಟು ಹತ್ತು ಜನರ ಮುಂದೆ ಓದಿಸಿ. ಯಾರು ಯಾವ ಭಾಷೆಯಲ್ಲಿ ಉತ್ತರಿಸಿದರು ಎಂಬುದನ್ನು ಡೇಟಾದಲ್ಲಿ ಒಂದು ಕಾಲಮ್ ಮಾಡಿ ಇಡಿ. ‘ಒಪ್ಪುತ್ತೀರಾ, ಇಲ್ಲವಾ’ ಮಾದರಿಯ ಪ್ರಶ್ನೆಗಿಂತ ‘ಕಳೆದ 7 ದಿನಗಳಲ್ಲಿ ಎಷ್ಟು ಸಲ ಕೊಂಡಿರಿ’ ಎಂಬುದೇ ಮೇಲು. ಮೊದಲನೆಯದಕ್ಕೆ ಸೌಜನ್ಯಕ್ಕಾದರೂ ‘ಹೂಂ’ ಎನ್ನುವವರುಂಟು.

ಇನ್ನು ವಯಸ್ಸು, ಹೆಚ್ಚು ಮೋಸ ಮಾಡುವುದು ಇದೇ. ಹಿಸ್ಪಾನಿಕರು ಸರಾಸರಿಯಲ್ಲಿ ಉಳಿದ ಅಮೆರಿಕನ್ನರಿಗಿಂತ ಚಿಕ್ಕ ಪ್ರಾಯದವರು. ಒಂದು ಊಹೆಯ ಲೆಕ್ಕ ಮಾಡಿ ನೋಡಿ. ಯಾವುದೋ ಆ್ಯಪ್ಪನ್ನು 35ರ ಒಳಗಿನವರಲ್ಲಿ ಶೇ. 70, ಮೇಲಿನವರಲ್ಲಿ ಶೇ. 20 ಜನ ಬಳಸುತ್ತಾರೆ ಎನ್ನಿ. ಈ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಹಿಸ್ಪಾನಿಕ್ ಗುಂಪಿನಲ್ಲಿ ಅರ್ಧ ಜನ 35ರ ಒಳಗಿದ್ದರೆ ಒಟ್ಟು ಬಳಕೆ ಶೇ. 45, ಇನ್ನೊಂದರಲ್ಲಿ ಶೇ. 30 ಜನ ಮಾತ್ರ ಒಳಗಿದ್ದರೆ ಶೇ. 35. ಇಲ್ಲದ ಅಭ್ಯಾಸವೊಂದು ಹತ್ತು ಅಂಕದಷ್ಟು ಹುಟ್ಟಿಕೊಂಡಿತು. ಆದ್ದರಿಂದ ಟೇಬಲ್ಲನ್ನು ವಯಸ್ಸಿನ ಪ್ರಕಾರ ಸೀಳಿ, ಆಯಾ ವಯಸ್ಸಿನವರನ್ನು ಆಯಾ ವಯಸ್ಸಿನವರ ಜೊತೆಗೇ ಹೋಲಿಸಿ. ಸೀಳಿದ ಮೇಲೂ ಅಂತರ ಉಳಿದರೆ ಅದು ಸ್ಲೈಡ್‌ಗೆ ಯೋಗ್ಯ.

ಖರ್ಚಿನ ಅಂಕಿಗಳಿಗೂ ಇದೇ ಎಚ್ಚರ ಬೇಕು. ಅಲ್ಲಿನ ಕಾರ್ಮಿಕ ಅಂಕಿಅಂಶ ಬ್ಯೂರೊದ ಖರ್ಚು ಸಮೀಕ್ಷೆ ಕೊಡುವುದು ಮನೆಯ ಲೆಕ್ಕ, ತಲೆಯ ಲೆಕ್ಕವಲ್ಲ. ಮನೆ ಹಿಸ್ಪಾನಿಕ್ ಹೌದೋ ಅಲ್ಲವೋ ಎಂಬುದು ಮನೆಯ ಒಬ್ಬ ವ್ಯಕ್ತಿಯ ಮೂಲದಿಂದ ತೀರ್ಮಾನವಾಗುತ್ತದೆ. ಹಿಸ್ಪಾನಿಕ್ ಮನೆಗಳಲ್ಲಿ ಸರಾಸರಿ ಜನ ಹೆಚ್ಚು. ವಾರದ ದಿನಸಿಗೆ ಮೂವರ ಮನೆ 165 ಡಾಲರ್, ಇಬ್ಬರ ಮನೆ 130 ಡಾಲರ್ ಕೊಟ್ಟರೆ ಯಾರ ಖರ್ಚು ಹೆಚ್ಚು? ತಲೆಗೆ ಭಾಗಿಸಿ: 55, 65.

ಕೊನೆಗೆ ಕ್ಯಾಲೆಂಡರ್. ಉಡುಗೊರೆ ಖರೀದಿಯ ಪ್ರಶ್ನೆಯನ್ನು ಡಿಸೆಂಬರ್ 26ಕ್ಕೆ ಮುಗಿಸಿಬಿಟ್ಟರೆ ಹಲವು ಹಿಸ್ಪಾನಿಕ್ ಮನೆಗಳಲ್ಲಿ ಉಡುಗೊರೆ ಕೊಡುವ ಜನವರಿ 6ರ ಮೂರು ರಾಜರ ಹಬ್ಬ ಕೈಬಿಡುತ್ತದೆ. ಅಮೆರಿಕದ ತಾಯಂದಿರ ದಿನ ಮೇ ತಿಂಗಳ ಎರಡನೇ ಭಾನುವಾರ, ಮೆಕ್ಸಿಕೊದಲ್ಲಿ ಯಾವ ವಾರ ಬಂದರೂ ಮೇ 10. ಎರಡಕ್ಕೂ ಹೂವು ಕೊಳ್ಳುವ ಮನೆಗಳಿವೆ. ‘ತಾಯಂದಿರ ದಿನಕ್ಕೆ ಏನು ಕೊಂಡಿರಿ’ ಎನ್ನುವ ಬದಲು ಮೇ 1ರಿಂದ 15ರವರೆಗೆ ಏನೇನು ಕೊಂಡಿರಿ ಎಂದು ಕೇಳಿ.