ಗಾರೆ ಮೆತ್ತದೆ ಕಟ್ಟಿದ ದಿಮ್ಮಿ ಗೋಡೆ: ನನ್ನ ಅನುಭವ

ದಿಮ್ಮಿಗಳ ಸಂದಿಗೆ ಗಾರೆ ಮೆತ್ತದಿದ್ದರೆ ಅಮೆರಿಕದ ಈ ಮಿನ್ನೆಸೋಟದ ಚಳಿಗಾಳಿ ನೇರ ಒಳಗೆ ಬರುತ್ತೆ ಅಂತ ಇಲ್ಲಿನ ಬಡಗಿಗಳೇ ಹೆದರಿಸಿದ್ದರು. ಈಗ ನನ್ನ 12x16 ಅಡಿ ವರ್ಕ್‌ಶಾಪ್‌ನ ಜೋಡುಗಳಲ್ಲಿ ವಿಸಿಟಿಂಗ್ ಕಾರ್ಡ್ ಸಹ ತೂರುವುದಿಲ್ಲ. 1638ರಲ್ಲಿ ಡೆಲಾವೇರ್ ನದಿ ದಂಡೆಗೆ ಬಂದಿಳಿದ ಸ್ವೀಡಿಷ್ ವಸಾಹತಿನವರು, ಅವರ ಜೊತೆಗಿದ್ದ ಫಿನ್ನರು ಕಟ್ಟುತ್ತಿದ್ದದ್ದು ದಿಮ್ಮಿ ಮನೆಗಳನ್ನೇ. ಆಮೇಲೆ ಅವಸರಕ್ಕೆ ಕಟ್ಟಿದವರು ಸಂದಿ ಬಿಟ್ಟು ಮಣ್ಣು ಮೆತ್ತಿದರು. ನಾನು ಹಿಡಿದದ್ದು ಸ್ವೀಡಿಷ್ ಬಿಗಿಜೋಡು: ಮೇಲಿನ ದಿಮ್ಮಿಯ ಅಡಿಯನ್ನು ಕೆಳಗಿನದರ ಆಕಾರಕ್ಕೇ ತೋಡಿ ಕೂರಿಸುವುದು.

ಕೆಂಪು ಪೈನ್, ಚಳಿಗಾಲದಲ್ಲಿ ಕಡಿದದ್ದು, ನಡು ಭಾಗದಲ್ಲಿ 10 ಇಂಚು ದಪ್ಪ, ಸುಮಾರು 45 ದಿಮ್ಮಿ. ಮೂರು ಸಾವಿರ ಡಾಲರ್ ಹತ್ತಿರ ಆಯಿತು. ಗಾರೆ ಬದಲು ಹಾಕುವ ರಬ್ಬರ್ ಪೇಸ್ಟ್‌ಗೇ ಸಾವಿರದೈನೂರು ಹೇಳಿದ್ದರು, ಅದು ಉಳಿಯಿತು.

ದಿಮ್ಮಿಯನ್ನು ಬುಡ-ತುದಿ ಅದಲುಬದಲು ಮಾಡಿ ಗೋಡೆ ಮೇಲಿಟ್ಟು ಅಲುಗದಂತೆ ಕಬ್ಬಿಣದ ಕೊಕ್ಕೆ ಬಡಿಯಬೇಕು. ಎಲ್ಲಕ್ಕಿಂತ ಅಗಲದ ಸಂದಿ ಅಳೆದು, ಅದಕ್ಕೆ ಅರ್ಧ ಇಂಚು ಸೇರಿಸಿ 'ದ್ರಾಗ್' ಅನ್ನುವ ಎರಡು ಮೊನೆಯ ಗೀರುಕಬ್ಬಿಣ ಹೊಂದಿಸಿ, ಎರಡೂ ಮಗ್ಗುಲು ಗೀರುವುದು. ಕಬ್ಬಿಣ ಸ್ವಲ್ಪ ವಾಲಿದರೂ ಗೆರೆ ಕೆಟ್ಟು ಜೋಡು ಬಾಯಿ ಬಿಡುತ್ತದೆ. ಹಿಡಿಗೆ ಚಿಕ್ಕ ರಸಮಟ್ಟ ಕಟ್ಟಿಕೊಳ್ಳಿ. ಆಮೇಲೆ ದಿಮ್ಮಿ ಮಗುಚಿ, ಗೆರೆಗಳ ನಡುವೆ ಕಾಲುವೆಯಂತೆ ತೋಡಬೇಕು: ಅಂಚುಗಳೆರಡೇ ಕೆಳಗಿನ ದಿಮ್ಮಿಗೆ ತಾಗಬೇಕು, ನಡುವೆ ಗಾಳಿ ತಡೆಯುವ ಪಾಚಿ (ಮಾಸ್) ತುಂಬುವುದಕ್ಕೆ ಜಾಗ. ಮೂಲೆಯಲ್ಲಿ ಅಡ್ಡ ದಿಮ್ಮಿ ಕೂರುವ ಕಚ್ಚಿಗೂ ಕಾಲುವೆಗೂ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಇಡುತ್ತೇನೆ. ಎಷ್ಟು ಅನ್ನುವುದು ನನ್ನಲ್ಲೇ ಇರಲಿ.

ಪಾಚಿಯನ್ನು ಹಸಿಯಾಗಿಯೇ ಹಾಕಬೇಕು, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಒಂದು ಗೋಡೆಗೆ ಕುರಿ ಉಣ್ಣೆ ಹಾಕಿ ನೋಡಿದೆ. ಇಲಿಗಳು ಎಳೆದುಕೊಂಡು ಹೋಗಿ ಗೂಡು ಕಟ್ಟಿದವು.

ಪ್ರತಿ ದಿಮ್ಮಿಯ ಮೇಲ್ಮುಖದಲ್ಲಿ ತಿರುಳಿನ ಕಡೆಗೆ ಮೂರನೇ ಒಂದು ಭಾಗ ಆಳಕ್ಕೆ ಗರಗಸದ ಸೀಳು ಹಾಕಿದರೆ ಬಿರುಕು ಅಲ್ಲೇ ಬಿಡುತ್ತದೆ, ಮೇಲಿನ ದಿಮ್ಮಿ ಅದನ್ನು ಮುಚ್ಚುತ್ತದೆ. ಇಲ್ಲವೆಂದರೆ ಬಿರುಕು ಮಗ್ಗುಲಲ್ಲಿ ಬಂದು ನೀರು ಕುಡಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಇಳಿತದಲ್ಲಿ. ಹಸಿ ದಿಮ್ಮಿ ಗೋಡೆ ಒಣಗುತ್ತಾ ಅಡಿಗೆ ಮುಕ್ಕಾಲು ಇಂಚಿನಷ್ಟು ತಗ್ಗುತ್ತದೆ, ಎಂಟಡಿಗೆ ಆರಿಂಚು. ಬಾಗಿಲವಾಡವನ್ನು ದಿಮ್ಮಿಗೆ ಮೊಳೆ ಹೊಡೆದರೆ ಮೇಲಿನ ಗೋಡೆ ಚೌಕಟ್ಟಿನ ಮೇಲೇ ನಿಂತುಬಿಟ್ಟು ಜೋಡು ತೆರೆದುಕೊಳ್ಳುತ್ತದೆ. ಬಾಗಿಲ ಮೇಲೆ ಐದಿಂಚು ಬಿಟ್ಟು, ಹಲಗೆಯಿಂದ ಮರೆಮಾಡಿ. ಕಂಬವೂ ಗೋಡೆಯ ಜೊತೆ ಇಳಿಯಲಿ ಅಂತ ಒಳಗಿನ ಕಂಬದ ಬುಡಕ್ಕೆ, ತಿರುಗಿಸಿ ಎತ್ತರ ಇಳಿಸಬಹುದಾದ ಸ್ಕ್ರೂ ಜಾಕ್ ಇಟ್ಟಿದ್ದೇನೆ; ಮೊದಲ ಕೆಲವು ವರ್ಷ ಅದನ್ನು ಆಗಾಗ ಸಡಿಲಿಸುತ್ತಾ ಬರಬೇಕು.