ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತೀರಾ? ಭಾವ ಉಳಿಸಿಕೊಳ್ಳುವುದು ಹೀಗೆ

ಹಾಸನದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಹಾಡು ರೆಕಾರ್ಡ್ ಮಾಡಿಸಲು ಮೇಷ್ಟ್ರುಗಳು, ಗೃಹಿಣಿಯರು, ಕಾಲೇಜು ಹುಡುಗರು ಎಲ್ಲರೂ ಬರುತ್ತಾರೆ. ಮೆಟ್ಟಿಲು ಹತ್ತುವಾಗ ಗುನುಗುತ್ತಾ ಬರುತ್ತಾರಲ್ಲ, ಆ ಗುನುಗಿನಲ್ಲಿ ಹಾಡು ಪೂರ್ತಿ ಇರುತ್ತದೆ. ಅದೇ ಜನ ಬೇರೆ ಕಡೆ ಮಾಡಿಸಿಕೊಂಡ ರೆಕಾರ್ಡಿಂಗ್ ಕೇಳಿಸಿದರೆ ಶ್ರುತಿ ಸರಿ, ತಾಳ ಸರಿ, ಆದರೆ ಯಾರೋ ಪಾಠ ಒಪ್ಪಿಸಿದ ಹಾಗಿರುತ್ತದೆ. ಹಾಡುವವರ ತಪ್ಪಲ್ಲ ಇದು. ಅವರನ್ನು ಅರ್ಧ ಗಂಟೆ ಕಾಯಿಸಿ, ನಡುನಡುವೆ ನಿಲ್ಲಿಸಿ, ಒಂದೊಂದೇ ಸಾಲು ಹಾಡಿಸಿದ ರೆಕಾರ್ಡಿಂಗ್ ಅದು. ಹಾಗೆ ಮಾಡಿದರೆ ಎಂಥವರ ಗಂಟಲಾದರೂ ಒಣಗುತ್ತದೆ, ಅಲ್ವಾ?

ಕೋಣೆ

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆ ಸಾಕು. ರಜಾಯಿ ಅಥವಾ ಕಂಬಳಿಯನ್ನು ಹಾಡುವವರ ಬೆನ್ನ ಹಿಂದೆ ತೂಗುಹಾಕಿ. ಎಲ್ಲರೂ ಮೈಕ್‌ನ ಹಿಂದೆ ಕಟ್ಟುತ್ತಾರೆ. ಆದರೆ ಸಾಮಾನ್ಯ ಮೈಕ್ ಮುಂದಿನಿಂದ ಬರುವುದನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ, ಹಾಗಾಗಿ ಹಾಡುವವರ ಹಿಂದಿನ ಗೋಡೆಗೆ ಬಡಿದು ಬರುವ ದನಿಯನ್ನು ತಡೆಯುವುದು ಮುಖ್ಯ. ಮೊಟ್ಟೆ ಟ್ರೇ ಅಂಟಿಸುವುದರಿಂದ ಪ್ರಯೋಜನವಿಲ್ಲ. ತೆಳು ಫೋಮ್ ಚೂರುಗಳು ಕೀರಲು ದನಿಯನ್ನಷ್ಟೇ ತಿಂದು ಕೋಣೆಯನ್ನು ಮಂಕಾಗಿಸುತ್ತವೆ, ಅದಕ್ಕೆ ದುಡ್ಡು ಹಾಕಬೇಡಿ.

ಫ್ಯಾನ್ ಆರಿಸಿ, ಫೋನ್ ಹೊರಗಿಡಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ಚಿಂತೆ. ಶೀಟಿನ ಸೂರಿನ ಕೆಳಗೆ ಮಳೆ ಬೀಳುವಾಗ ರೆಕಾರ್ಡ್ ಮಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಮಳೆ ತೆಗೆಯುತ್ತೇನೆ ಎಂದು ಹೊರಟರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ. ಹೊಳವಾಗುವವರೆಗೆ ಕಾಯಿರಿ. ಸಂಜೆ ಆದರೆ ಜೀರುಂಡೆ ಶುರುವಾಗುತ್ತದೆ, ಬೆಳಿಗ್ಗೆ ಐದಕ್ಕೆ ಗಂಟಲು ತೆರೆದಿರುವುದಿಲ್ಲ. ನನಗೆ ಮಧ್ಯಾಹ್ನ ಎರಡರಿಂದ ನಾಲ್ಕೇ ಒಳ್ಳೆಯ ಹೊತ್ತು.

ಮೈಕ್ ಮತ್ತು ಲೆವೆಲ್

ಕಂಡೆನ್ಸರ್ ಮೈಕ್ ಸಣ್ಣ ಉಸಿರನ್ನೂ ಹಿಡಿಯುತ್ತದೆ, ಪಕ್ಕದ ಮನೆ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಇಂಟರ್‌ಫೇಸ್‌ಗೆ, ಅಂದರೆ ಮೈಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಗೆ, ಹಾಕುವ ಕಂಡೆನ್ಸರ್ ಆದರೆ ಅದರ ಮೇಲಿನ 48 ವೋಲ್ಟ್ ಬಟನ್ ಒತ್ತಲೇಬೇಕು, ಮೈಕ್‌ಗೆ ಕರೆಂಟ್ ಬರುವುದು ಅದರಿಂದಲೇ. ರಸ್ತೆ ಬದಿಯ ಮನೆಯಾದರೆ ಡೈನಮಿಕ್ ಮೈಕ್ ತೆಗೆದುಕೊಳ್ಳಿ, ಬಾಯಿಗೆ ಹತ್ತಿರ ಇಟ್ಟು ಹಾಡಿ. ಆನ್‌ಲೈನ್‌ನಲ್ಲಿ ಚಪ್ಪಾಳೆ, ನಗುವಿನ ಬಟನ್‌ಗಳಿರುವ ಸೌಂಡ್ ಕಾರ್ಡ್ ಜೊತೆ 'ಸ್ಟುಡಿಯೋ ಸೆಟ್' ಅಂತ ಮಾರುತ್ತಾರಲ್ಲ, ಅದು ಮಾತ್ರ ಬೇಡ. ನನ್ನ ಹತ್ತಿರ ಬಂದ ಅಂಥ ಸೆಟ್‌ಗಳಲ್ಲೆಲ್ಲ ಗುಂಯ್ ಎನ್ನುವ ಸದ್ದು ಇತ್ತು. ಅಷ್ಟೇ ದುಡ್ಡಿಗೆ ಸಾಧಾರಣ ಯುಎಸ್‌ಬಿ ಮೈಕ್ ಸಿಗುತ್ತದೆ.

ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ 24 ಬಿಟ್ ಆರಿಸಿ ರೆಕಾರ್ಡ್ ಮಾಡಿ. ಜೋರು ಸಾಲು ಹಾಡಿದಾಗ ಮೀಟರ್ ಮೈನಸ್ 12ರಿಂದ ಮೈನಸ್ 10 ಡೆಸಿಬೆಲ್ ಹತ್ತಿರ ಬಂದರೆ ಸಾಕು, ಕೆಂಪು ಮುಟ್ಟಬಾರದು. ಇಲ್ಲೊಂದು ಮಾತು: ಲೆವೆಲ್ ನೋಡಲು ಆ ಹಾಡನ್ನೇ ಹಾಡಿಸಬೇಡಿ. ಬೇರೆ ಯಾವುದಾದರೂ ಹಾಡಿನ ಎತ್ತರದ ಸಾಲು ಹಾಡಿಸಿ. ಮೈಕ್ ಹೊಂದಿಸಲು ಆರು ಸಲ ಹಾಡಿಸಿಬಿಟ್ಟರೆ ಏಳನೇ ಸಲ, ನಿಜವಾಗಿ ಬೇಕಾದ ಸಲ, ಹಾಡಲು ಏನೂ ಉಳಿದಿರುವುದಿಲ್ಲ.

ಹೆಡ್‌ಫೋನ್: ಎಲ್ಲರೂ ಎಡವುವ ಜಾಗ

ಹಾಡುವವರು ತಮ್ಮ ಕಿವಿಗೆ ಏನು ಬೀಳುತ್ತದೋ ಅದಕ್ಕೆ ತಕ್ಕಂತೆ ಹಾಡುತ್ತಾರೆ. ಕರೋಕೆ ಜೋರಾಗಿದ್ದರೆ ಕೂಗುತ್ತಾರೆ. ತಮ್ಮ ದನಿಯೇ ಜೋರಾಗಿ ಕೇಳಿದರೆ ಹೆದರಿಕೊಂಡು ಅರ್ಧ ಉಸಿರಿನಲ್ಲಿ ಹಾಡುತ್ತಾರೆ, ಮೆಲುದನಿಯ ಸಾಲುಗಳು ಪಿಸುಮಾತಾಗುತ್ತವೆ. ಆಮೇಲೆ ನಾವು 'ಇನ್ನೂ ಫೀಲ್ ಕೊಡಿ' ಅನ್ನುತ್ತೇವೆ. ಫೀಲ್ ಕೊಡಿ ಎಂದು ಹೇಳಿದರೆ ಬರುವುದು ನಾಟಕ. ಅದನ್ನು ಹೇಳುವ ಮೊದಲು ಹೆಡ್‌ಫೋನ್ ನೀವೇ ಹಾಕಿಕೊಂಡು ನಾಲ್ಕು ಸಾಲು ಹಾಡಿ ನೋಡಿ.

ನಾನು ಮಾಡುವುದು ಹೀಗೆ. ಕರೋಕೆ ಟ್ರ್ಯಾಕ್ ಅನ್ನು ಮೊದಲು ಪೂರ್ತಿ ಇಳಿಸಿ, ಶ್ರುತಿ ಹಿಡಿಯಲು ಬೇಕಾಗುವಷ್ಟು ಮಾತ್ರ ಏರಿಸುತ್ತೇನೆ. ಒಂದೊಂದು ವಾದ್ಯದ್ದೂ ಬಿಡಿ ಬಿಡಿ ಟ್ರ್ಯಾಕ್ ಇದ್ದರೆ ತಂಬೂರಿ, ತಬಲಾ ಬಿಟ್ಟು ಉಳಿದದ್ದನ್ನು ಮುಚ್ಚುತ್ತೇನೆ. ಹಾಡುವವರ ದನಿಗೆ ಒಂಚೂರು ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಹಾಡಿದಂಥ ಗುಂಗು) ಹಾಕುತ್ತೇನೆ. ಅದು ಅವರ ಕಿವಿಗೆ ಮಾತ್ರ, ರೆಕಾರ್ಡ್ ಆಗುವುದು ಸಾದಾ ದನಿಯೇ. ಆಮೇಲೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಲು ಹೇಳುತ್ತೇನೆ. ಸರಿಸಿದ ಕಿವಿಯ ಕಡೆ ಟ್ರ್ಯಾಕ್ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅದು ಮೈಕ್‌ಗೆ ಸೋರುತ್ತದೆ. ಹುಟ್ಟಿದಾಗಿನಿಂದ ತಮ್ಮ ದನಿಯನ್ನು ಗಾಳಿಯಲ್ಲಿ ಕೇಳಿಸಿಕೊಂಡೇ ಹಾಡಿದವರು ಇವರು. ಎರಡೂ ಕಿವಿ ಮುಚ್ಚಿದರೆ ಯಾರದ್ದೋ ದನಿ ಕೇಳಿದಂತೆ ಗಾಬರಿಯಾಗುತ್ತಾರೆ.

ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ದನಿ ತಡವಾಗಿ ಕಿವಿಗೆ ಬರುತ್ತದೆ, ಹಾಡುವವರು ತಾಳ ಹಿಡಿಯಲು ಒದ್ದಾಡುತ್ತಾರೆ. ವೈರಿರುವ, ಕಿವಿ ಪೂರ್ತಿ ಮುಚ್ಚುವಂಥದ್ದನ್ನೇ ಬಳಸಿ. ಆಗಲೂ ತಡವಾದರೆ ಸಾಫ್ಟ್‌ವೇರ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ ಅನ್ನು 128 ಸ್ಯಾಂಪಲ್‌ಗೆ ಇಳಿಸಿ, ಅಥವಾ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ (ಮೈಕ್‌ನ ದನಿಯನ್ನು ನೇರ ಹೆಡ್‌ಫೋನ್‌ಗೆ ಕೊಡುವ) ಗುಂಡಿ ಇದ್ದರೆ ಅದನ್ನು ಬಳಸಿ. ಗುಂಡಿ ಬಳಸಿದರೆ ಹೆಚ್ಚಿನ ಸಣ್ಣ ಇಂಟರ್‌ಫೇಸ್‌ಗಳಲ್ಲಿ ಕಿವಿಯ ರಿವರ್ಬ್ ಸಿಗುವುದಿಲ್ಲ, ಪರವಾಗಿಲ್ಲ.

ಶ್ರುತಿ ವಿಷಯವೂ ಇಲ್ಲೇ ಬರುತ್ತದೆ. ಕರೋಕೆ ಯಾವ ಶ್ರುತಿಯಲ್ಲಿ ಸಿಕ್ಕಿತೋ ಅದರಲ್ಲೇ ಹಾಡಲು ಹೋಗಬೇಡಿ. ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಯಷ್ಟು, ಇಳಿಸಿದರೆ ಮೇಲಿನ ಸಾಲಿನಲ್ಲಿ ಮಾತು ಸ್ಪಷ್ಟವಾಗುತ್ತದೆ, ಹಾಡುವವರ ಕತ್ತಿನ ನರ ಉಬ್ಬುವುದಿಲ್ಲ. ಇದನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ.

ಹಾಡಿಸುವುದು

ಹಾಡನ್ನು ಕೈಯಲ್ಲೇ ಬರೆದುಕೊಂಡು ಬರಲು ಹೇಳಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಗೆರೆ ಹಾಕಿರಲಿ. ಕಾಗದವನ್ನು ಕಣ್ಣಿನ ಎತ್ತರಕ್ಕೆ ಇಡಿ. ಫೋನ್ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದರೆ ಗಂಟಲು ಮುಚ್ಚುತ್ತದೆ, ಬಾಯಿ ಮೈಕ್‌ನಿಂದ ಆಚೆ ಹೋಗುತ್ತದೆ. ಪಾಪ್ ಫಿಲ್ಟರ್ (ಪ, ಬ ಅನ್ನುವಾಗಿನ ಗಾಳಿ ತಡೆಯುವ ಜಾಲರಿ) ಮೈಕ್‌ನಿಂದ ನಾಲ್ಕು ಬೆರಳು ದೂರ, ಬಾಯಿ ಅದರಿಂದ ಮತ್ತೆ ನಾಲ್ಕು ಬೆರಳು. ಮೆಲುವಾದ ಸಾಲಿಗೆ ಸ್ವಲ್ಪ ಹತ್ತಿರ ಬನ್ನಿ, ಹತ್ತಿರ ಬಂದಷ್ಟೂ ದನಿಯ ಕೆಳಭಾಗ ತುಂಬಿಕೊಳ್ಳುತ್ತದೆ, ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ಎತ್ತರದ ಸಾಲಿಗೆ ಅರ್ಧ ಹೆಜ್ಜೆ ಹಿಂದೆ. 1939ರಲ್ಲಿ ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರ ತೆರೆದ ಗಂಟಲಿನ ಹಾಡುಗಾರಿಕೆ ಈ ಜಿಲ್ಲೆಯ ಎಷ್ಟೋ ಹುಡುಗರ ಕಿವಿಯಲ್ಲಿ ಕೂತಿದೆ. ಹಾಗೆ ಹಾಡುವ ಹುಡುಗರಿಗೆ ಒಂದು ಪೂರ್ತಿ ಹೆಜ್ಜೆ ಹಿಂದೆ ನಿಲ್ಲಿ ಅನ್ನುತ್ತೇನೆ, ದನಿ ತಗ್ಗಿಸಿ ಎಂದು ಮಾತ್ರ ಹೇಳುವುದಿಲ್ಲ.

ಹಾಡುವ ಮುಂಚೆ ಪಲ್ಲವಿಯನ್ನು ರಾಗವಿಲ್ಲದೆ ಮಾತಿನಂತೆ ಒಮ್ಮೆ ಹೇಳಿಸಿ. ಯಾರಿಗೆ ಹೇಳುತ್ತಿದ್ದೀರಿ ಎಂದು ಕೇಳಿ. 'ಎಲ್ಲರಿಗೂ' ಅಂದರೆ ಒಪ್ಪಬೇಡಿ. ಒಬ್ಬರ ಮುಖ ಮನಸ್ಸಿಗೆ ಬರುವವರೆಗೆ ಕಾಯಿರಿ, ಆಮೇಲೆ ದೊಡ್ಡ ದೀಪ ಆರಿಸಿ ಶುರು ಮಾಡಿ.

ನಮ್ಮ ಚಿಕ್ಕಮ್ಮ ಅವರ ತಾಯಿಯಿಂದ ಕಲಿತ ಜೋಗುಳ ಹಾಡಲು ಬಂದಿದ್ದರು. "ಚಿಕ್ಕಮ್ಮ, ಸುಮ್ನೆ ಒಂದ್ಸಲ ಹಾಡಿ, ಇದೂ ರೆಕಾರ್ಡ್ ಆಗ್ತಿರುತ್ತೆ" ಎಂದು ಮೊದಲೇ ಹೇಳಿ ಬಟನ್ ಒತ್ತಿದ್ದೆ. ಎರಡನೇ ಚರಣದಲ್ಲಿ ಅವರ ದನಿ ಸ್ವಲ್ಪ ಒಡೆಯಿತು, ನಿಂತರು, ಉಸಿರು ತೆಗೆದುಕೊಂಡು ಮುಂದುವರಿಸಿದರು. ಆಮೇಲೆ ಮೂರು ಸಲ ಒಂದೂ ತಪ್ಪಿಲ್ಲದೆ ಹಾಡಿದರು. ನಾವು ಇಟ್ಟುಕೊಂಡದ್ದು ಮೊದಲನೆಯದ್ದನ್ನೇ. ಅಂದಿನಿಂದ ನನ್ನ ನಿಯಮ: ಬಾಗಿಲು ಮುಚ್ಚಿದ ಕೂಡಲೇ ರೆಕಾರ್ಡಿಂಗ್ ಶುರು, ಹಾಡುವವರಿಗೆ ಅದು ಗೊತ್ತಿರಬೇಕು.

ಮೊದಲಿನಿಂದ ಕೊನೆಯವರೆಗೆ ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ ಹಾಡಿಸಿ. ನಡುವೆ ತಪ್ಪಿದರೂ ನಿಲ್ಲಿಸಬೇಡಿ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಕೇಳಿಸಲೂಬೇಡಿ, ಕೇಳಿಸಿದರೆ ಮುಂದಿನ ಸಲ ಹಾಡುವ ಬದಲು ತಪ್ಪು ತಿದ್ದುತ್ತಾರೆ. "ಅಕ್ಕಾ, ಬಿಸಿನೀರು ಕುಡಿದು ಇನ್ನೊಂದ್ಸಲ ಹಾಡೋಣ್ವಾ" ಅಷ್ಟೇ ಸಾಕು. ಕಾಫಿ ಹಾಡಿದ ಮೇಲೆ ಕೊಡಿ, ಮೊದಲೇ ಕುಡಿದರೆ ಹಾಲಿನಿಂದ ಗಂಟಲು ಜಿಗುಟಾಗುತ್ತದೆ. ನಾಲ್ಕು ಸಲಕ್ಕೂ ಬರಲಿಲ್ಲವೆಂದರೆ ಅವತ್ತಿಗೆ ಬಿಟ್ಟು ಇನ್ನೊಂದು ದಿನ ಕರೆಯಿರಿ.

ಎಡಿಟಿಂಗ್

ಮರುದಿನ ಕಣ್ಣು ಮುಚ್ಚಿ ಕೇಳಿ. ಯಾವ ಟೇಕ್, ಅಂದರೆ ಯಾವ ಸಲ ಹಾಡಿದ್ದು, ಮನಸ್ಸಿಗೆ ತಟ್ಟಿತೋ ಅದನ್ನೇ ಪೂರ್ತಿ ಇಟ್ಟುಕೊಳ್ಳಿ, ತೀರಾ ಕೆಟ್ಟ ಒಂದೆರಡು ಸಾಲನ್ನು ಮಾತ್ರ ಬೇರೆ ಟೇಕ್‌ನಿಂದ ತಂದು ಕೂರಿಸಿ. ಹತ್ತು ಟೇಕ್‌ನಿಂದ ಒಂದೊಂದು ಪದ ಹೆಕ್ಕಿದರೆ ಹಾಡು ತೇಪೆ ಹಾಕಿದ ಬಟ್ಟೆಯಾಗುತ್ತದೆ. ಉಸಿರಿನ ಸದ್ದು ಅಳಿಸಬೇಡಿ. ಜೋರಾದ ಉಸಿರನ್ನು ಸ್ವಲ್ಪ ತಗ್ಗಿಸಿ, ಅಷ್ಟೇ. ಶ್ರುತಿ ತಿದ್ದುವ ಆಟೋಟ್ಯೂನ್ ಅನ್ನು ವೇಗವಾಗಿ ಕೂರಿಸಿದರೆ ಗಮಕಗಳೆಲ್ಲ ಮೆಟ್ಟಿಲಾಗುತ್ತವೆ. ತಪ್ಪಿದ ಒಂದು ಸ್ವರವಿದ್ದರೆ ಅದೊಂದನ್ನೇ ಕೈಯಿಂದ ಸರಿಪಡಿಸಿ.

80 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸದ್ದನ್ನು ಕತ್ತರಿಸಿ. ಜೋರು ದನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಅನ್ನು 3ಕ್ಕೆ 1ರಲ್ಲಿ ಇಟ್ಟು ಮೂರು ನಾಲ್ಕು ಡೆಸಿಬೆಲ್ ಮಾತ್ರ ಇಳಿಯುವಂತೆ ನೋಡಿ, ಅದಕ್ಕಿಂತ ಹೆಚ್ಚಾದರೆ ಮೆಲುವಾದ ಸಾಲೂ ಎತ್ತರದ ಸಾಲೂ ಒಂದೇ ಆಗಿಬಿಡುತ್ತವೆ. ಕಂಪ್ರೆಸರ್‌ಗಿಂತ ಮೊದಲು ಕೈಯಿಂದಲೇ ಸಾಲು ಸಾಲಾಗಿ ವಾಲ್ಯೂಮ್ ಸರಿಮಾಡುವುದು ನನಗೆ ಇಷ್ಟ, ನಿಧಾನವಾದರೂ ಸರಿ. ರಿವರ್ಬ್ ಕೊನೆಗೆ. ಹಾಡು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಒಂದು ಪದ ಅರ್ಥವಾಗಲಿಲ್ಲ ಎಂದರೂ ರಿವರ್ಬ್ ಇಳಿಸಿ ಮತ್ತೆ ಕೇಳಿಸಿ.